ಅಚ್ಚಿನ ಎಣ್ಣೆ ಹೊಳೆಯ ಪಾಲಾಗದಿರಲಿ

(ಉಪನ್ಯಾಸದ ಪಠ್ಯ)



ಎತ್ತಿನ ಬಂಡಿಯನ್ನು ಕಂಡವರಿಗೆ ಅಚ್ಚು ಎಂದರೇನೆಂದು ವಿವರಿಸಬೇಕಾಗಿಲ್ಲ. ಅಚ್ಚಿಗೆ ಕೀಲೆಣ್ಣೆ ಹಾಕುವುದು, ಕಡೆಗೀಲು ಭದ್ರವಾಗಿದೆಯೇ ಎಂದು ನೋಡುವುದು ಬಂಡಿ ಹೂಡುವ ಮೊದಲಿನ ಕೆಲಸವಾಗಿತ್ತು. ಆ ಅಚ್ಚು ಭಾರ ಹೊರುತ್ತಿತ್ತು. ಎಳೆಯುವ ಕೆಲಸ ಎತ್ತುಗಳದಾಗಿತ್ತು. ಕಾರಿನಲ್ಲಿ ಅಚ್ಚೇ ಚಕ್ರವನ್ನು ತಿರುಗಿಸುತ್ತದೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ಬಳಿಕ, ಮುಂದಿನ ಚಕ್ರಗಳ ಬಲದಿಂದ ಓಡುವ ಕಾರುಗಳು ಮಧ್ಯಮ ವರ್ಗದ ಮನೆಗಳನ್ನು ಸೇರಿದವು. ಇಂಥ ಕಾರಿನ ಮುಂಚಕ್ರ ಏಕಕಾಲಕ್ಕೆ ಉರುಳಬೇಕು, ಎಡಬಲಕ್ಕೆ ಹೊರಳಬೇಕು, ಗುಂಡಿಗಳಲ್ಲಿ ಏರಿಳಿಯಬೇಕು. ಆದ್ದರಿಂದ ಅದರ ಡ್ರೈವ್ ಶಾಫ್ಟಿನ ಎರಡು ತುದಿಗಳಲ್ಲಿ ಸಿ.ವಿ. ಜಾಯಿಂಟ್ ಎಂಬ ಕೀಲುಗಳಿರುತ್ತವೆ. ಆ ಕೀಲುಗಳಿಗೆ ಗ್ರೀಸು ತುಂಬಿ, ಮೇಲೆ ರಬ್ಬರಿನ ಬೂಟ್ ತೊಡಿಸಿರುತ್ತಾರೆ.

ಕೇಡು ಆರಂಭವಾಗುವುದು ಈ ರಬ್ಬರಿನಿಂದ. ಅದು ಬಿರುಕು ಬಿಟ್ಟೊಡನೆ ಗ್ರೀಸು ಹೊರಗೆ ಸಿಡಿಯುತ್ತದೆ, ಧೂಳು ಮತ್ತು ನೀರು ಒಳಸೇರುತ್ತವೆ, ಉಕ್ಕಿನ ಗುಂಡುಗಳು ಸವೆಯುತ್ತವೆ. ಸ್ಟಿಯರಿಂಗನ್ನು ಪೂರ್ಣ ತಿರುಗಿಸಿದಾಗ ಕಟಕಟ ಸದ್ದು ಕೇಳಿಸಿತೆಂದರೆ ಕೀಲು ಸವೆದಿದೆ ಎಂದರ್ಥ. ಬಿರುಕನ್ನು ಮೊದಲೇ ಗುರುತಿಸಿದ್ದರೆ ಬೂಟ್ ಮತ್ತು ಗ್ರೀಸು ಬದಲಿಸಿದರೆ ಸಾಕಾಗುತ್ತಿತ್ತು. ತಡವಾದರೆ ಕಿಲೋಗಟ್ಟಲೆ ಉಕ್ಕಿನ ಶಾಫ್ಟೇ ಗುಜರಿ ಸೇರುತ್ತದೆ. ಆ ಉಕ್ಕಿನ ಹಿಂದೆ ಅಗೆದ ಗುಡ್ಡವೊಂದಿದೆ ಎಂಬುದನ್ನು ಗಣಿಗಾರಿಕೆಯನ್ನು ಕಂಡ ನಾಡಿಗೆ ನೆನಪಿಸಬೇಕಾಗಿಲ್ಲ.

ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳ ಮನೆಯಂಗಳದಲ್ಲಿಯೂ ಈ ಶಾಫ್ಟನ್ನು ಬದಲಿಸಲು ಸಾಧ್ಯ. ಸಮತಟ್ಟಾದ ಗಟ್ಟಿ ನೆಲ ಬೇಕು. ಚಕ್ರ ನೆಲದ ಮೇಲಿರುವಾಗಲೇ ನಡುವಿನ ದೊಡ್ಡ ನಟ್ಟನ್ನು ಸಡಿಲಿಸಬೇಕು. ಬಳಿಕ ಹಿಂದಿನ ಚಕ್ರಗಳಿಗೆ ಅಡ್ಡೆ ಕೊಟ್ಟು, ಕಾರನ್ನು ಜಾಕಿನಿಂದ ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ಇಳಿಸಬೇಕು. ಜಾಕೊಂದನ್ನೇ ನಂಬಿ ಕಾರಿನ ಕೆಳಗೆ ನುಸುಳುವುದು ಪ್ರಾಣಕ್ಕೆ ಎರವಾದೀತು. ಮುಂದೆ ಚಕ್ರ ಬಿಚ್ಚಿ, ಗೇರ್ ಆಯಿಲನ್ನು ಪಾತ್ರೆಗೆ ಇಳಿಸಿ, ಕೆಳಗಿನ ಬಾಲ್ ಜಾಯಿಂಟನ್ನು ಬೇರ್ಪಡಿಸಿ, ಶಾಫ್ಟನ್ನು ಗೇರ್ ಬಾಕ್ಸಿನಿಂದ ಮೀಟಿ ತೆಗೆಯಬೇಕು. ಹೊಸ ಶಾಫ್ಟಿನ ಉದ್ದ ಮತ್ತು ಹಲ್ಲುಗಳ ಎಣಿಕೆಯನ್ನು ಹಳೆಯದರೊಡನೆ ತಾಳೆ ನೋಡಿ, ಹೊಸ ಆಯಿಲ್ ಸೀಲ್ ಕೂರಿಸಿ ಜೋಡಿಸಬೇಕು. ಹೊಸ ನಟ್ಟನ್ನು ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು. ಕೊನೆಗೆ ಹೊಸ ಆಯಿಲ್ ತುಂಬುವುದನ್ನು ಮರೆಯಬಾರದು. ಅನುಭವವಿಲ್ಲದವರು ಬಲ್ಲವರನ್ನು ಜೊತೆಗಿರಿಸಿಕೊಳ್ಳುವುದು ವಿವೇಕ.

ಕಾರಿನ ಕೆಲಸ ಇಲ್ಲಿಗೆ ಮುಗಿಯಿತು. ಪಾತ್ರೆಯಲ್ಲಿರುವ ಕಪ್ಪು ಎಣ್ಣೆಯ ಪ್ರಶ್ನೆ ಉಳಿಯಿತು. ಅದನ್ನು ಮನೆಮುಂದಿನ ಚರಂಡಿಗೆ ಸುರಿದರೆ ಅದು ರಾಜಕಾಲುವೆಯ ಮೂಲಕ ವೃಷಭಾವತಿಯನ್ನು ಸೇರುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟಿದಳೆಂದು ಜನ ನಂಬುವ ಈ ನದಿ ಮೈಸೂರು ರಸ್ತೆಯ ಗಾಳಿ ಆಂಜನೇಯ ದೇಗುಲದ ಬದಿಯಿಂದ ಕೆಂಗೇರಿಯತ್ತ ಸಾಗಿ, ಬಿಡದಿ ಸಮೀಪದ ಬೈರಮಂಗಲ ಜಲಾಶಯವನ್ನು ತುಂಬಿ, ಅರ್ಕಾವತಿಯೊಡಗೂಡಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ನದಿಯನ್ನು ಕೆಡಿಸಿರುವ ಪ್ರಧಾನ ಕಾರಣ ನಗರದ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯ, ನಿಜ. ಆದರೆ ಸಾವಿರ ಮನೆಗಳ ಒಂದೆರಡು ಲೀಟರು ಸೇರಿದರೆ ಅದೂ ಸಣ್ಣ ಪಾಲಾಗಿ ಉಳಿಯದು. ನೀರಿನ ಮೇಲೆ ಹರಡುವ ಎಣ್ಣೆಯ ಪೊರೆ ಗಾಳಿಯ ಸಂಪರ್ಕವನ್ನು ತಡೆದು ಜಲಚರಗಳ ಉಸಿರು ಕಟ್ಟಿಸುತ್ತದೆ. ಆ ನೀರನ್ನು ಗದ್ದೆಗೆ ಹಾಯಿಸುವ ಬೈರಮಂಗಲದ ರೈತನಿಗೂ ವಿಜಯನಗರದ ಕಾರಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಫಲವನ್ನು ಉಣ್ಣುವವನು ಮಾತ್ರ ಅವನೇ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಪಶ್ಚಿಮದ ಇಳಿಜಾರಿನ ನೀರು ಕಾವೇರಿಗೆ, ಪೂರ್ವದ್ದು ದಕ್ಷಿಣ ಪಿನಾಕಿನಿಗೆ. ಅಂದರೆ ಆ ಮಹಾನಗರವೂ ಮಲೆನಾಡಿನಂತೆಯೇ ನೀರು ಹುಟ್ಟುವ ಮೇಲ್ನೆಲ. ಮೇಲಿರುವವನ ಅಲಕ್ಷ್ಯಕ್ಕೆ ಕೆಳಗಿರುವವನು ಬೆಲೆ ತೆರುವ ನ್ಯಾಯ ಎರಡೂ ಕಡೆ ಒಂದೇ. ತುಂಗೆಯ, ಶರಾವತಿಯ, ಅಘನಾಶಿನಿಯ ಹಳ್ಳಗಳಲ್ಲಿ ಜೀಪನ್ನು ನಿಲ್ಲಿಸಿ ತೊಳೆಯುವವರು, ಟಿಲ್ಲರಿನ ಹಳೆಯ ಆಯಿಲನ್ನು ತೋಟದ ಕಪ್ಪಿಗೆ ಚೆಲ್ಲುವವರು ನಗರವನ್ನು ದೂರುವ ಮುನ್ನ ಇದನ್ನು ಆಲೋಚಿಸಬೇಕು.

ಪರಿಹಾರ ಕಷ್ಟದ್ದಲ್ಲ. ಬಳಸಿದ ಎಣ್ಣೆಯು 2016ರ ಕೇಂದ್ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಶುದ್ಧೀಕರಿಸಿ ಮರುಬಳಸಲು ಬರುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ಶೇಖರಿಸಿ, ನೀರು ಬೆರೆಸದೆ, ಪರವಾನಗಿ ಪಡೆದ ಮರುಬಳಕೆದಾರರಿಗೆ ಎಣ್ಣೆ ಕೊಡುವ ಗ್ಯಾರೇಜಿಗೆ ಒಪ್ಪಿಸಬೇಕು. ನೆಲಕ್ಕೆ ಚೆಲ್ಲಿದ್ದನ್ನು ನೀರಿನಿಂದ ತೊಳೆಯದೆ ಮರದ ಹೊಟ್ಟಿನಿಂದ ಹೀರಿಸಿ, ಆ ಹೊಟ್ಟನ್ನೂ ಪ್ರತ್ಯೇಕವಾಗಿಡಬೇಕು. ಊರಿನ ಗ್ಯಾರೇಜಿನಲ್ಲೊಂದು ಪೀಪಾಯಿ ಇರಿಸುವಂತೆ ಗ್ರಾಮಸಭೆಯಲ್ಲಿ ಕೇಳುವ ಕೆಲಸವನ್ನು ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು. ಮಳೆಗಾಲಕ್ಕೆ ಮುನ್ನ ಪ್ರತಿ ವಾಹನದ ರಬ್ಬರ್ ಬೂಟನ್ನು ಒಮ್ಮೆ ಬಗ್ಗಿ ನೋಡಿದರೆ ಅಚ್ಚೂ ಉಳಿಯುತ್ತದೆ, ಹಳ್ಳವೂ ಉಳಿಯುತ್ತದೆ.