ಔಷಧಿಯನ್ನು ಮುರಿಯುವ ಕಿಣ್ವ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ಹತ್ತನೆಯ ತರಗತಿ ಓದಿದವನು ನಾನು. ಈಗ ಕಲಬುರಗಿಯ ಒಂದು ಪ್ರಯೋಗಾಲಯದಲ್ಲಿ ರಕ್ತ, ಮೂತ್ರ, ಕಫ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ವಿಜ್ಞಾನದ ವಿಷಯ ಏನಾದರೂ ಹೇಳು ಎಂದು ಗುರುಗಳ ಅಪ್ಪಣೆಯಾಗಿದೆ. ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ.

ನಮ್ಮ ಅವ್ವನಿಗೆ ಉರಿಮೂತ್ರದ ತ್ರಾಸ. ಡಾಕ್ಟರ ಹತ್ತಿರ ಹೋದರೆ ದಿನದ ಕೂಲಿ ಹೋಗುತ್ತದೆಂದು, ಹಳೆಯ ಚೀಟಿ ಕೊಟ್ಟು ಮೆಡಿಕಲ್ ಅಂಗಡಿಯಿಂದ ನಾಲ್ಕು ಗುಳಿಗೆ ತರಿಸುತ್ತಿದ್ದಳು. ತರುತ್ತಿದ್ದವನು ನಾನೇ. ಎರಡು ನುಂಗಿ ಉರಿ ತಗ್ಗಿದರೆ ಉಳಿದೆರಡು ಗೋಡೆಯ ಮಾಡಕ್ಕೆ. ಮುಂದೆ ಮನೆಯಲ್ಲಿ ಯಾರಿಗೆ ನೆಗಡಿ ಬಂದರೂ ಅವೇ ಗುಳಿಗೆ. ನೆಗಡಿ ವೈರಸ್‌ನಿಂದ ಬರುವುದು, ಅದಕ್ಕೆ ಈ ಗುಳಿಗೆ ನಾಟುವುದೇ ಇಲ್ಲ. ಹೀಗೆ ನಾಲ್ಕೈದು ವರ್ಷ ನಡೆಯಿತು. ಒಂದು ದಿನ ಚಳಿಜ್ವರ, ಸೊಂಟನೋವು ಬಂದು ಅವ್ವ ಮೇಲೇಳಲಿಲ್ಲ. ಕಲಬುರಗಿಗೆ ಒಯ್ದೆವು. ಅವಳ ಮೂತ್ರ ಪರೀಕ್ಷೆಗೆ ನಮ್ಮಲ್ಲಿಗೇ ಬಂತು.

ನಾವು ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಹರಡಿ, ಅದರ ಮೇಲೆ ಔಷಧಿ ಹೀರಿಸಿದ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಔಷಧಿ ನಾಟಿದರೆ ಮರುದಿನ ಬಿಲ್ಲೆಯ ಸುತ್ತ ಬಯಲು ಕಾಣುತ್ತದೆ. ಅವ್ವನ ತಟ್ಟೆಯಲ್ಲಿ ಸೆಫಿಕ್ಸಿಮ್ ಬಿಲ್ಲೆಯ ಅಂಚಿನವರೆಗೂ ಬೆಳೆ ನಿಂತಿತ್ತು. ನಾನು ಅಂಗಡಿಯಿಂದ ತರುತ್ತಿದ್ದ ಗುಳಿಗೆಯೂ ಅದೇ.

ನಮ್ಮದು ಕಲ್ಲಿನ ಸೀಮೆ, ಗೋಡೆ ಕಟ್ಟುವುದನ್ನು ನೀವು ದಿನಾ ನೋಡುತ್ತೀರಿ. ಬ್ಯಾಕ್ಟೀರಿಯಾಕ್ಕೂ ಮೈಸುತ್ತ ಗೋಡೆಯಿದೆ. ಅದನ್ನು ಕಟ್ಟುವ ಗೌಂಡಿಯೂ ಒಂದು ಕಿಣ್ವವೇ. ಆ ಗೌಂಡಿಗೆ ಪೆನ್ಸಿಲಿನ್ ಗೋಡೆಯ ಕಲ್ಲಿನಂತೆಯೇ ಕಾಣುತ್ತದೆ. ಹಿಡಿದ ಕೂಡಲೇ ಪೆನ್ಸಿಲಿನ್ನಿನ ನಾಲ್ಕು ಪರಮಾಣುಗಳ ಉಂಗುರ ಬಿಚ್ಚಿ ಅವನ ಕೈಗೆ ಅಂಟಿಬಿಡುತ್ತದೆ. ಕೈ ಬಿಡದು, ಗೋಡೆ ಏಳದು, ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಸೆಫಿಕ್ಸಿಮ್ ಕೂಡ ಇದೇ ಉಂಗುರದ ಔಷಧಿ.

ಈ ಉಂಗುರ ಮುರಿಯುವ ಕಿಣ್ವಕ್ಕೆ ಬೀಟಾ-ಲ್ಯಾಕ್ಟಮೇಸ್ ಎಂದು ಹೆಸರು. ಅವುಗಳಲ್ಲಿ ಬಹಳಷ್ಟು ಆ ಗೌಂಡಿಯ ದಾಯಾದಿಗಳೇ. ಅವೂ ಔಷಧಿಯನ್ನು ಹಿಡಿಯುತ್ತವೆ, ಉಂಗುರ ಬಿಚ್ಚುತ್ತವೆ. ಆದರೆ ಒಂದು ನೀರಿನ ಅಣುವನ್ನು ಬಳಸಿ ಕೈ ಬಿಡಿಸಿಕೊಳ್ಳುತ್ತವೆ! ಮುರಿದ ಔಷಧಿ ಕೆಲಸಕ್ಕೆ ಬಾರದು. ಖಾಲಿಯಾದ ಕೈ ಮುಂದಿನದನ್ನು ಹಿಡಿಯುತ್ತದೆ. ಚುರುಕಾದ ಕಿಣ್ವವೊಂದು ಸೆಕೆಂಡಿಗೆ ಸುಮಾರು ಸಾವಿರ ಪೆನ್ಸಿಲಿನ್ ಅಣುಗಳನ್ನು ಮುರಿಯಬಲ್ಲದು. ಆಕ್ಸ್‌ಫರ್ಡಿನ ಅಬ್ರಹಾಂ ಮತ್ತು ಚೈನ್ ಇಂಥ ಕಿಣ್ವವನ್ನು 1940ರಲ್ಲೇ ವರದಿ ಮಾಡಿದ್ದರು. ಅಲ್ಲಿ ರೋಗಿಗಳಿಗೆ ಪೆನ್ಸಿಲಿನ್ ಸೂಜಿ ಕೊಡತೊಡಗಿದ್ದು ಅದರ ಮರುವರ್ಷ.

ಅವ್ವನ ಬ್ಯಾಕ್ಟೀರಿಯಾದಲ್ಲಿ ಇದೇ ಕಿಣ್ವವೇ ಎಂದು ತಿಳಿಯಲು, ಅದೇ ಜಾತಿಯ ಔಷಧಿಗೆ ಕ್ಲಾವುಲಾನಿಕ್ ಆಮ್ಲ ಬೆರೆಸಿದ ಬಿಲ್ಲೆ ಇಟ್ಟೆ. ಈ ಆಮ್ಲ ಕಿಣ್ವದ ಕೈಯನ್ನೇ ಕಟ್ಟಿಹಾಕುತ್ತದೆ. ಆ ಬಿಲ್ಲೆಯ ಸುತ್ತ ಅಗಲವಾದ ಬಯಲು ಬಿದ್ದಿತ್ತು. ಕಿಣ್ವದ್ದೇ ಕೆಲಸ.

ಹತ್ತು ದಿನ ಮೆರೊಪೆನೆಮ್ ಸೂಜಿ ಮಾಡಿಸಿ ಅವ್ವನನ್ನು ಉಳಿಸಿಕೊಂಡೆವು. ಆ ವರ್ಷದ ತೊಗರಿ ಅದಕ್ಕೇ ಹೋಯಿತು. ಆ ಔಷಧಿಯನ್ನೂ ಮುರಿಯುವ ಕಿಣ್ವವಿದೆ. 2008ರಲ್ಲಿ, ಭಾರತದಲ್ಲಿ ಆಸ್ಪತ್ರೆ ಸೇರಿ ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರ ಮೂತ್ರದ ಬ್ಯಾಕ್ಟೀರಿಯಾದಲ್ಲಿ ಅದು ಸಿಕ್ಕಿತು. ನವದೆಹಲಿಯ ಹೆಸರಿಟ್ಟು ಅದನ್ನು ಎನ್‌ಡಿಎಂ-1 ಎಂದರು. ನಮ್ಮ ಅದೃಷ್ಟ, ಅವ್ವನ ತಟ್ಟೆಯಲ್ಲಿ ಅದಿರಲಿಲ್ಲ.

'ಮೈ ಗುಳಿಗೆಗೆ ಒಗ್ಗಿಹೋಗಿದೆ' ಎನ್ನುತ್ತಾರಲ್ಲ, ಅದು ತಪ್ಪು. ಒಗ್ಗುವುದು ಮೈಯಲ್ಲ, ಬ್ಯಾಕ್ಟೀರಿಯಾ. ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ. ನೆಗಡಿಗೆ ನುಂಗಿದ ಗುಳಿಗೆ ಅವುಗಳಲ್ಲಿ ಸಾಧುವಾದವನ್ನು ಕೊಂದು, ಕಿಣ್ವವಿದ್ದವಕ್ಕೆ ಜಾಗ ಮಾಡಿಕೊಡುತ್ತದೆ. ಕಿಣ್ವ ತಯಾರಿಸುವ ಜೀನ್ ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಬಳೆಯಲ್ಲಿರುತ್ತದೆ. ಒಂದು ಬ್ಯಾಕ್ಟೀರಿಯಾ ಅದನ್ನು ಬೇರೆ ಜಾತಿಯದಕ್ಕೂ ದಾಟಿಸಬಲ್ಲದು.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ಅವ್ವ ಕೇಳಿದಳು: "ಆ ಹುಳ ಇನ್ನೂ ನನ್ನ ಮೈಯಾಗ ಅದ ಏನಪ್ಪ?"

"ಕರುಳಿನ್ಯಾಗ ಇರಬಹುದವ್ವ."

"ಮತ್ತ ಮೊಮ್ಮಗಳಿಗೆ?"

ಕೈ ತೊಳೆದುಕೊಂಡು ಉಣಿಸು ಎಂದೆ. ಅವತ್ತೇ ಅವಳು ಮಾಡದಲ್ಲಿದ್ದ ಗುಳಿಗೆಗಳನ್ನೆಲ್ಲ ತೆಗೆದು ನನ್ನ ಕೈಗೆ ಕೊಟ್ಟಳು. ಎಣಿಸಿದರೆ ಹನ್ನೊಂದಿದ್ದವು.