ಬೆರಳ ತುದಿಯ ಮಾತಿಗೂ ಲೆಕ್ಕವಿದೆ



ನಾಲಗೆಯ ಕೆಡುಕುಗಳ ಕುರಿತು ಜುಮಾ ಪ್ರವಚನಗಳಲ್ಲಿ ನಾವೆಲ್ಲ ಬಾಲ್ಯದಿಂದಲೂ ಕೇಳುತ್ತಾ ಬಂದಿದ್ದೇವೆ. ಪರನಿಂದೆ, ಚಾಡಿ, ಸುಳ್ಳಾರೋಪ ಇವೆಲ್ಲ ನಮಗೆ ಪರಿಚಿತ ಪಾಪಗಳು. ಇಂದು ನಾಲಗೆಯ ಕೆಲಸವನ್ನು ಹೆಬ್ಬೆರಳು ವಹಿಸಿಕೊಂಡಿದೆ. ಚಹಾದಂಗಡಿಯ ಕಟ್ಟೆಯಲ್ಲಿ ಆಡಿದ ಮಾತು ಅಲ್ಲಿಯೇ ಕರಗಿ ಹೋಗುತ್ತಿತ್ತು. ಮೊಬೈಲಿನಲ್ಲಿ ಆಡಿದ ಮಾತು ಹೆಸರು, ಸಂಖ್ಯೆ, ದಿನಾಂಕ, ಸಮಯ ಸಹಿತ ಉಳಿಯುತ್ತದೆ. ನಾವು ಅಳಿಸಿದರೂ ಅದರ ಸ್ಕ್ರೀನ್‌ಶಾಟ್ ಇನ್ನೊಬ್ಬರ ಬಳಿ ಇರುತ್ತದೆ. ನಾಳೆ ಅದು ಠಾಣೆಗೂ ನ್ಯಾಯಾಲಯಕ್ಕೂ ಸಾಕ್ಷ್ಯವಾಗಿ ಬರಬಹುದು.

ಇದರ ಪರಿಣಾಮವನ್ನು ನಮ್ಮ ರಾಜ್ಯವೇ ಕಂಡಿದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಅವರ ತಂಡ ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕಲೇಟ್ ಕೊಟ್ಟಿತ್ತು. ಮಕ್ಕಳ ಕಳ್ಳರೆಂಬ ಸುಳ್ಳು ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಬಂಧಿತರಲ್ಲಿ ವಾಟ್ಸಾಪ್ ಗುಂಪೊಂದರ ಅಡ್ಮಿನ್ ಕೂಡ ಇದ್ದ.

2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಪ್ರವಾದಿ(ಸ)ರನ್ನು ನಿಂದಿಸಿದ ಫೇಸ್‌ಬುಕ್ ಪೋಸ್ಟ್ ಒಂದರಿಂದ ಜನ ಕೆರಳಿದರು. ಪೋಸ್ಟ್ ಹೇಯವಾಗಿತ್ತು, ನಿಜ. ಆದರೆ ಠಾಣೆಗೆ ಬೆಂಕಿ ಬಿದ್ದ ಬಳಿಕ ದೇಶ ಚರ್ಚಿಸಿದ್ದು ನಿಂದನೆಯನ್ನಲ್ಲ, ಬೆಂಕಿಯನ್ನು. ಗೋಲಿಬಾರಿನಲ್ಲಿ ಪ್ರಾಣಗಳು ಹೋದವು. ಯುಎಪಿಎ ಅಡಿಯಲ್ಲಿ ಅನೇಕ ಯುವಕರು ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತರು. ಅದೇ ರಾತ್ರಿ ದೇವಾಲಯದ ಮುಂದೆ ಮಾನವ ಸರಪಳಿ ರಚಿಸಿ ಕಾವಲು ನಿಂತವರೂ ನಮ್ಮ ಯುವಕರೇ ಎಂಬುದನ್ನು ಮರೆಯಬಾರದು.

2022ರ ಏಪ್ರಿಲ್ 16ರಂದು ಹಳೇ ಹುಬ್ಬಳ್ಳಿಯಲ್ಲಿ ಇದೇ ಕಥೆ ಮರುಕಳಿಸಿತು. ಮಸೀದಿಯ ಮೇಲೆ ಕೇಸರಿ ಧ್ವಜವಿರುವ ತಿರುಚಿದ ಚಿತ್ರವನ್ನು ಒಬ್ಬ ಸ್ಟೇಟಸ್ ಹಾಕಿದ. ಗುಂಪು ಠಾಣೆಯ ಮುಂದೆ ಸೇರಿ ಕಲ್ಲೆಸೆಯಿತು. 150ಕ್ಕೂ ಹೆಚ್ಚು ಮಂದಿ ಬಂಧಿತರಾದರು. 2024ರಲ್ಲಿ ಸರಕಾರ ಪ್ರಕರಣವನ್ನು ಹಿಂಪಡೆಯಲು ಹೊರಟಿತು. 2025ರ ಮೇಯಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದುಗೊಳಿಸಿತು. ರಾಜಕಾರಣಿಯ ಆಶ್ವಾಸನೆಯನ್ನು ನಂಬಿ ಕಲ್ಲೆತ್ತುವವರು ಇದನ್ನು ನೆನಪಿಡಬೇಕು.

ನಮ್ಮ ಊರೂ ಇದಕ್ಕೆ ಹೊರತಲ್ಲ. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದದ ಕಾವಿನಲ್ಲಿ ಹರಿಹರದ ಕಾಲೇಜಿನ ಬಳಿ ಕಲ್ಲು ತೂರಾಟ ನಡೆದು ನಿಷೇಧಾಜ್ಞೆ ಜಾರಿಯಾಯಿತು. ಅದೇ ದಿನಗಳಲ್ಲಿ ಮಲೇಬೆನ್ನೂರಿನಲ್ಲಿ ಜಾಲತಾಣದ ಬರಹವೊಂದರ ಕಾರಣಕ್ಕೆ ಯುವಕನೊಬ್ಬನ ಮೇಲೆ ಹಲ್ಲೆಯಾಯಿತು. ಶಾಲೆಯ ಬಾಗಿಲಲ್ಲಿ ನಿಂತ ನಮ್ಮ ಹೆಣ್ಣುಮಕ್ಕಳ ನ್ಯಾಯವಾದ ಬೇಡಿಕೆಗೆ ಇಂತಹ ಹಲ್ಲೆಯಿಂದ ಯಾವ ಬಲ ಬಂತು?

ಸಹೋದರರೇ, ಈಗ ಕಾನೂನಿನ ಮಾತಿಗೆ ಬರೋಣ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಸಮುದಾಯಗಳ ನಡುವೆ ದ್ವೇಷ ಹರಡಿದರೆ 196ನೇ ಕಲಂ. ಧಾರ್ಮಿಕ ಭಾವನೆಗಳನ್ನು ದುರುದ್ದೇಶದಿಂದ ಕೆರಳಿಸಿದರೆ 299ನೇ ಕಲಂ. ದ್ವೇಷ ಹುಟ್ಟಿಸುವ ವದಂತಿ ಹಬ್ಬಿಸಿದರೆ 353ನೇ ಕಲಂ. ಮೂರಕ್ಕೂ ಸಾಮಾನ್ಯವಾಗಿ ಮೂರು ವರ್ಷಗಳವರೆಗೆ ಜೈಲುಶಿಕ್ಷೆಯಿದೆ. ಹೆಣ್ಣುಮಗಳು ಬೇಡವೆಂದರೂ ಸಂದೇಶಗಳ ಮೂಲಕ ಬೆನ್ನುಹತ್ತಿದರೆ 78ನೇ ಕಲಂ ಅನ್ವಯಿಸುತ್ತದೆ. ಅಶ್ಲೀಲ ಚಿತ್ರವನ್ನು ದಾಟಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮಿನ ಪ್ರಕಾರ ಮೊದಲ ಅಪರಾಧಕ್ಕೇ ಮೂರು ವರ್ಷ ಜೈಲು, ಐದು ಲಕ್ಷ ರೂ.ವರೆಗೆ ದಂಡ. ನಮ್ಮ ಹುಡುಗರು 'ತಮಾಷೆ'ಯೆಂದು ಕರೆಯುವ ಅನೇಕ ಕೃತ್ಯಗಳಿಗೆ ಕಾನೂನಿನಲ್ಲಿರುವ ಹೆಸರುಗಳಿವು.

'ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆನಷ್ಟೆ' ಎಂಬುದು ಎಲ್ಲರ ಸಮಜಾಯಿಷಿ. ತಮಿಳುನಾಡಿನ ನಟ, ರಾಜಕಾರಣಿ ಎಸ್.ವಿ. ಶೇಖರ್ ಅವರು 2018ರಲ್ಲಿ ಪತ್ರಕರ್ತೆಯರನ್ನು ಅವಮಾನಿಸುವ ಬರಹವೊಂದನ್ನು ಹಂಚಿಕೊಂಡಿದ್ದರು. ಕಣ್ಣಿಗೆ ಔಷಧಿ ಹಾಕಿಕೊಂಡಿದ್ದರಿಂದ ಓದದೆಯೇ ಹಂಚಿದರೆಂದು ಅವರ ಪರವಾಗಿ ವಾದಿಸಲಾಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟೂ ಸುಪ್ರೀಂ ಕೋರ್ಟೂ ಅವರ ಮೇಲಿನ ಪ್ರಕರಣವನ್ನು ರದ್ದುಪಡಿಸಲು ಒಪ್ಪಲಿಲ್ಲ. ಕೇಳಿದ್ದನ್ನೆಲ್ಲ ಹೇಳುತ್ತಾ ತಿರುಗುವುದೇ ಒಬ್ಬ ಮನುಷ್ಯ ಸುಳ್ಳನಾಗಲು ಸಾಕೆಂದು ನಮ್ಮ ಪ್ರವಾದಿ(ಸ)ರು ಎಚ್ಚರಿಸಿದ್ದರು. ಸುದ್ದಿ ತಂದವನನ್ನು ಕುರುಡಾಗಿ ನಂಬದೆ ಪರಿಶೀಲಿಸಬೇಕೆಂದು ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಆಜ್ಞಾಪಿಸುತ್ತದೆ. ಅರಿಯದೆ ಒಂದು ಜನಾಂಗಕ್ಕೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡುವಂತಾಗಬಾರದು ಎಂಬುದೇ ಅದರ ಕಾರಣ. ಮುರ್ಕಿಯ ಜನ ಇದೊಂದನ್ನು ಪಾಲಿಸಿದ್ದರೆ ಒಂದು ಜೀವ ಉಳಿಯುತ್ತಿತ್ತು.

ಇಷ್ಟೆಲ್ಲ ಹೇಳುವುದು ಹೆದರಿ ಬಾಯಿ ಮುಚ್ಚಿಕೊಳ್ಳಿರಿ ಎನ್ನುವುದಕ್ಕಲ್ಲ. ಕಿರಿಕಿರಿಯಾಯಿತೆಂಬ ಕಾರಣಕ್ಕೇ ಜೈಲಿಗೆ ಕಳಿಸುತ್ತಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಗೊಳಿಸಿದೆ. ಸದಸ್ಯನೊಬ್ಬ ಹಾಕಿದ ಸಂದೇಶಕ್ಕೆ ಗುಂಪಿನ ಅಡ್ಮಿನ್ ತಾನಾಗಿಯೇ ಅಪರಾಧಿಯಾಗುವುದಿಲ್ಲವೆಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಪೋಸ್ಟ್ ಒಂದಕ್ಕೆ ಲೈಕ್ ಒತ್ತುವುದು ಅದನ್ನು ಪ್ರಕಟಿಸಿದಂತಲ್ಲ, ಹಂಚುವುದು ಮಾತ್ರ ಬೇರೆ ಎಂದು ಅಲಹಾಬಾದ್ ಹೈಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ. ಸಂಸದ ಇಮ್ರಾನ್ ಪ್ರತಾಪ್‌ಗಢಿಯವರು ಕವಿತೆಯಿದ್ದ ವೀಡಿಯೊ ಹಂಚಿದ್ದಕ್ಕೆ ಗುಜರಾತಿನಲ್ಲಿ ದಾಖಲಾಗಿದ್ದ ಪ್ರಕರಣವನ್ನು ಅದೇ ವರ್ಷ ಸುಪ್ರೀಂ ಕೋರ್ಟ್ ವಜಾಗೊಳಿಸಿತು. ಸರಕಾರವನ್ನು ಟೀಕಿಸುವುದು, ಅನ್ಯಾಯವನ್ನು ಅನ್ಯಾಯವೆನ್ನುವುದು ನಮ್ಮ ಹಕ್ಕು.

ಕಾನೂನು ಎಲ್ಲರಿಗೂ ಒಂದೇ ವೇಗದಲ್ಲಿ ಚಲಿಸುತ್ತಿಲ್ಲವೆಂಬ ನೋವು ನಮ್ಮಲ್ಲಿದೆ. ಬಡ ಹುಡುಗನ ಸ್ಟೇಟಸ್‌ಗೆ ರಾತ್ರೋರಾತ್ರಿ ಎಚ್ಚರಗೊಳ್ಳುವ ವ್ಯವಸ್ಥೆ, ವೇದಿಕೆಯೇರಿ ವಿಷ ಕಾರುವವರ ಮುಂದೆ ನಿದ್ರಿಸುತ್ತದೆ. ದ್ವೇಷ ಭಾಷಣ ಮಾಡಿದವರ ಧರ್ಮ ನೋಡದೆ, ದೂರಿಗಾಗಿ ಕಾಯದೆ ಪ್ರಕರಣ ದಾಖಲಿಸಬೇಕೆಂದು 2023ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಆದೇಶಿಸಿದೆ. ಆ ಆದೇಶದ ಪಾಲನೆಯನ್ನು ಕೇಳಲು ನಮ್ಮ ಕೈ ಶುದ್ಧವಾಗಿರಬೇಕು.

ಹಾಗಾದರೆ ಮಾಡಬೇಕಾದದ್ದೇನು? ನಿಂದನೆಯ ಪೋಸ್ಟ್ ಕಂಡಾಗ ಅದನ್ನು ಹತ್ತು ಗುಂಪುಗಳಿಗೆ ಕಳಿಸಬೇಡಿ. ಹಾಗೆ ಮಾಡಿದರೆ ನಿಂದಕನ ಕೆಲಸವನ್ನು ನಾವೇ ಪೂರ್ಣಗೊಳಿಸಿದಂತೆ. ಅದರ ಪ್ರತಿ ಮತ್ತು ಲಿಂಕ್ ಇಟ್ಟುಕೊಂಡು, ಜಮಾಅತಿನ ಇಬ್ಬರು ಹಿರಿಯರು ಮತ್ತು ಒಬ್ಬ ವಕೀಲರೊಡನೆ ಠಾಣೆಗೆ ಹೋಗಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮಗಳ ಚಿತ್ರ ದುರುಪಯೋಗವಾದರೆ ಅವಳನ್ನು ಗದರಿಸಿ ಮೊಬೈಲ್ ಕಿತ್ತುಕೊಳ್ಳಬೇಡಿ. ಅವಳು ಸಂತ್ರಸ್ತೆ, ಅಪರಾಧಿಯಲ್ಲ. ಸೈಬರ್ ಅಪರಾಧ ಠಾಣೆಗೆ ಅವಳ ಜೊತೆ ತಂದೆಯೇ ಹೋಗಲಿ. ಮಗನಿಗೆ ಪೊಲೀಸರಿಂದ ನೋಟಿಸು ಬಂದರೆ ಊರು ಬಿಟ್ಟು ಓಡಿಸಬೇಡಿ, ವಕೀಲರೊಡನೆ ಹಾಜರುಪಡಿಸಿ. ಬಂಧಿಸಿದರೆ ಕಾರಣ ತಿಳಿಯುವ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕು ಅವನಿಗಿದೆ. ವಕೀಲರನ್ನಿಡಲು ಶಕ್ತಿಯಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಕೇಳಬಹುದು. ಹದಿನೆಂಟು ತುಂಬದವನ ವಿಚಾರಣೆ ಬಾಲನ್ಯಾಯ ಮಂಡಳಿಯ ಮುಂದೆ ನಡೆಯಬೇಕು.

ಮಂಡಕ್ಕಿ ಭಟ್ಟಿಯ ಬಿಸಿಯಲ್ಲಿ ದುಡಿದು ಮಗನಿಗೆ ಮೊಬೈಲ್ ಕೊಡಿಸುವ ತಂದೆಯರು ಈ ಊರಿನಲ್ಲಿದ್ದಾರೆ. ಒಂದು ಪ್ರಕರಣ ದಾಖಲಾದರೆ ಆ ಮನೆಯ ವರ್ಷಗಳ ಉಳಿತಾಯ ಜಾಮೀನಿಗೂ ನ್ಯಾಯಾಲಯದ ಅಲೆದಾಟಕ್ಕೂ ಕರಗುತ್ತದೆ. ಮಗನ ಉದ್ಯೋಗ, ಪಾಸ್‌ಪೋರ್ಟ್ ಎರಡೂ ತೂಗಾಡುತ್ತವೆ. ಬೆಲೆ ತೆರುವುದು ಸಂದೇಶ ಬರೆದ ಅಜ್ಞಾತನಲ್ಲ, ಅದನ್ನು ದಾಟಿಸಿದವನ ತಾಯಿ.

ನಾವಾಡುವ ಪ್ರತಿಯೊಂದು ಮಾತನ್ನೂ ದಾಖಲಿಸುವ ಕಾವಲುಗಾರರಿದ್ದಾರೆಂದು ನಂಬಿದ ಸಮುದಾಯ ನಮ್ಮದು. ಆ ನಂಬಿಕೆಯನ್ನು ಮೊಬೈಲ್ ಹಿಡಿದ ಕೈಗೂ ಕಲಿಸೋಣ. ಸತ್ಯವನ್ನು ಧೈರ್ಯದಿಂದ ಹೇಳುವ, ಸಂಶಯವಿದ್ದಲ್ಲಿ ತಡೆದುಕೊಳ್ಳುವ ವಿವೇಕವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.