ಮಕ್ಕಳ ಮಾಹಿತಿ ಮಾಲೆಗಳು: ಬೆಳೆದ ದಾರಿ, ತೂಗುವ ಬಗೆ

ಮಕ್ಕಳಿಗೂ ಹದಿಹರೆಯದವರಿಗೂ ಬರುವ ಮಾಹಿತಿ ಪುಸ್ತಕಗಳಲ್ಲಿ ಬಹಳಷ್ಟು ಬಿಡಿಯಾಗಿ ಬರುವುದಿಲ್ಲ, ಮಾಲೆಯಾಗಿ ಬರುತ್ತವೆ. ಒಂದೇ ಅಳತೆ, ಒಂದೇ ಧಾಟಿಯ ಮುಖಪುಟ, ಒಂದೇ ಬೆಲೆ. ಮೊದಲೆರಡು ಪುಸ್ತಕ ಮೆಚ್ಚಿದ ಶಾಲೆ ಮಿಕ್ಕವನ್ನು ತೆರೆದೂ ನೋಡದೆ ತರಿಸಿಕೊಳ್ಳುತ್ತದೆ. ಮಾಲೆಯ ಹೆಸರಿನ ಮೇಲಿರುವ ಈ ನಂಬಿಕೆಯೇ ಪ್ರಕಾಶಕರ ಬಂಡವಾಳ. ಆದರೆ ಹೆಸರು ಒಂದೇ ಆದ ಮಾತ್ರಕ್ಕೆ ಒಳಗಿನ ಸತ್ವವೂ ಒಂದೇ ಆಗಿರುತ್ತದೆ ಎನ್ನಲಾಗದು. ಈ ಬಗೆಯ ಮಾಲೆಗಳ ಇತಿಹಾಸ ಮೊದಲಿನಿಂದಲೂ ಅದನ್ನೇ ತೋರಿಸುತ್ತ ಬಂದಿದೆ.

1827ರಲ್ಲಿ ಅಮೆರಿಕದ ಬಾಸ್ಟನ್ ನಗರದ ಸ್ಯಾಮ್ಯುಯೆಲ್ ಗುಡ್ರಿಚ್, ಪೀಟರ್ ಪಾರ್ಲಿ ಎಂಬ ಮುದುಕನೊಬ್ಬನನ್ನು ಕಲ್ಪಿಸಿಕೊಂಡು, ಅವನ ಬಾಯಿಂದ ಅಮೆರಿಕದ ವಿಷಯವನ್ನೆಲ್ಲ ಮಕ್ಕಳಿಗೆ ಹೇಳಿಸಿದ. ಪುಸ್ತಕ ಚೆನ್ನಾಗಿ ಹೋಯಿತು. ಭೂಗೋಳ, ಚರಿತ್ರೆ, ಪ್ರಾಣಿಲೋಕ ಎಂದು ಪಾರ್ಲಿಯ ಹೆಸರಿನಲ್ಲಿ ಪುಸ್ತಕದ ಮೇಲೆ ಪುಸ್ತಕ ಬಂದವು. ತನ್ನ ಪುಸ್ತಕಗಳೆಲ್ಲ ಸೇರಿ 70 ಲಕ್ಷ ಪ್ರತಿ ಮಾರಾಟವಾದುವೆಂದು ಗುಡ್ರಿಚ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆದರೆ ಅಷ್ಟನ್ನೂ ಅವನೊಬ್ಬನೇ ಬರೆಯಲಿಲ್ಲ. 1837ರ ಪಾರ್ಲಿಯ ವಿಶ್ವ ಇತಿಹಾಸವನ್ನು ಬರೆದವರು ಆಗಿನ್ನೂ ಹೆಸರಾಗದಿದ್ದ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ ಮತ್ತು ಅವನ ಅಕ್ಕ ಎಲಿಜಬೆತ್. ಪಡೆದ ಸಂಭಾವನೆ 100 ಡಾಲರ್. ಇತ್ತ ಇಂಗ್ಲೆಂಡಿನ ಪ್ರಕಾಶಕರು ಗುಡ್ರಿಚ್‌ನನ್ನು ಕೇಳದೆಯೇ ತಮ್ಮದೇ ಪಾರ್ಲಿ ಪುಸ್ತಕಗಳನ್ನು ಬರೆಸಿ ಮಾರಿದರು. ಕೊಳ್ಳುವ ತಂದೆತಾಯಿಗೆ ಕಾಣುತ್ತಿದ್ದದ್ದು ಒಂದೇ ಹೆಸರು, ಒಳಗೆ ಮಾತ್ರ ಹಲವು ಕೈ. ಬರೆದವರು ಯಾರು, ಆ ವಿಷಯ ಅವರಿಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಇವತ್ತಿಗೂ ಮಾಲೆಯ ಪುಸ್ತಕವನ್ನು ತೂಗುವಾಗ ಮೊದಲು ಕೇಳಬೇಕಾದದ್ದು.

1908ರಿಂದ ಎರಡು ವರ್ಷ ಲಂಡನ್ನಿನಲ್ಲಿ ಆರ್ಥರ್ ಮೀ ಮಕ್ಕಳ ವಿಶ್ವಕೋಶವೊಂದನ್ನು ಪಕ್ಷಕ್ಕೊಂದು ಕಂತಿನಂತೆ ಹೊರಡಿಸಿದ. 1930ರ ದಶಕದಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಕನ್ನಡದ ಮಕ್ಕಳ ಕೈಗಿತ್ತರು. ಒಬ್ಬನೇ ಲೇಖಕನ ಕುತೂಹಲ ನಕ್ಷತ್ರದಿಂದ ಕೀಟದವರೆಗೆ ಓಡಾಡುವ ಇಂಥ ಕೃತಿಗೆ ಏಕಧ್ವನಿಯ ಸೊಗಸಿದೆ. ಆದರೆ ಒಬ್ಬನ ಅರಿವಿಗೆ ಇರುವ ಗಡಿಯೇ ಆ ಕೃತಿಗೂ ಗಡಿ. ಮುಂದೆ ನಿರಂಜನರ ಸಂಪಾದಕತ್ವದಲ್ಲಿ ಬಂದ ಏಳು ಸಂಪುಟಗಳ ಕಿರಿಯರ ವಿಶ್ವಕೋಶ 'ಜ್ಞಾನ ಗಂಗೋತ್ರಿ' ಬೇರೆ ಹಾದಿ ಹಿಡಿಯಿತು. ಅಲ್ಲಿ ಸಂಪುಟಕ್ಕೊಂದು ಕ್ಷೇತ್ರ, ಆಯಾ ಕ್ಷೇತ್ರ ಬಲ್ಲ ಹಲವು ಲೇಖಕರು.

1932ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಬಾಬ್ಸ್-ಮೆರಿಲ್ ಸಂಸ್ಥೆ ಪ್ರಸಿದ್ಧ ಅಮೆರಿಕನ್ನರ ಬಾಲ್ಯದ ಮಾಲೆ ಆರಂಭಿಸಿತು. ಮೊದಲ ಪುಸ್ತಕ ಅಗಸ್ಟಾ ಸ್ಟೀವನ್‌ಸನ್ ಬರೆದ ಲಿಂಕನ್‌ನ ಬಾಲ್ಯ. ತನ್ನ ಎಳವೆಯ ಬಗ್ಗೆ ಲಿಂಕನ್ ಬರೆದಿಟ್ಟದ್ದೋ ಕೆಲವೇ ಪುಟ. ಅಷ್ಟರಿಂದ ಒಂದಿಡೀ ಪುಸ್ತಕ ಎಳೆಯಬೇಕಾದರೆ ಹುಡುಗನ ಬಾಯಲ್ಲಿ ಮಾತು ತುರುಕದೆ, ಘಟನೆ ಕಟ್ಟದೆ ದಾರಿಯಿಲ್ಲ. ಮಾಲೆಗೆ ಬಾಲ್ಯವೇ ಬೇಕು. ದಾಖಲೆ ಸಿಗುವುದು ದೊಡ್ಡವನಾದ ಮೇಲಿನದು. ಈ ಪುಸ್ತಕಗಳು ಸಾವಿರಾರು ಮಕ್ಕಳಿಗೆ ಓದಿನ ರುಚಿ ಹತ್ತಿಸಿದವು. ಹಾಗಿದ್ದೂ ಕಲ್ಪಿಸಿದ ಸಂಭಾಷಣೆಯನ್ನು ಜೀವನಚರಿತ್ರೆಯೆಂದು ಮಗುವಿಗೆ ಕೊಡುವುದು ತಪ್ಪೇ. ಕಥೆಯಾದರೆ ಕಥೆಯೆಂದೇ ಕೊಡಬೇಕು.

ರೂಪ ಎಂಬುದು ಒಳಗಿನ ವಿಷಯವನ್ನು ಎಷ್ಟರಮಟ್ಟಿಗೆ ಆಳುತ್ತದೆ ಎಂಬುದಕ್ಕೆ ಬ್ರಿಟನ್ನಿನ ಲೇಡಿಬರ್ಡ್ ಪುಸ್ತಕಗಳಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಎರಡನೆಯ ಮಹಾಯುದ್ಧದಲ್ಲಿ ಕಾಗದಕ್ಕೆ ಬರ ಬಂದಾಗ, 1940ರಲ್ಲಿ, ಲಫ್‌ಬರೊ ಪಟ್ಟಣದ ಈ ಮುದ್ರಕರು 40 ಇಂಚು ಉದ್ದ, 30 ಇಂಚು ಅಗಲದ ಒಂದೇ ಹಾಳೆಯನ್ನು ಮಡಿಸಿ ಕತ್ತರಿಸಿ 56 ಪುಟಗಳ ಇಡೀ ಪುಸ್ತಕ ತೆಗೆಯುವ ಉಪಾಯ ಕಂಡುಕೊಂಡರು. ಆ ಅಳತೆಯೇ ಮುಂದೆ ಅವರ ಗುರುತಾಯಿತು. ಯುದ್ಧ ಮುಗಿದ ಮೇಲೆ ಸಂಸ್ಥೆಯ ಮಾರಾಟ ಪ್ರತಿನಿಧಿ ಡಗ್ಲಸ್ ಕೀನ್ ಹಕ್ಕಿಗಳ ಬಗ್ಗೆ ಮನೆಯಲ್ಲೇ ಒಂದು ಮಾದರಿ ಪುಸ್ತಕ ಸಿದ್ಧಪಡಿಸಿ ಮಾಲೀಕರ ಮುಂದಿಟ್ಟ. 1953ರಲ್ಲಿ ಬ್ರಿಟನ್ನಿನ ಹಕ್ಕಿಗಳು ಮತ್ತು ಅವುಗಳ ಗೂಡುಗಳ ಪುಸ್ತಕ ಅಚ್ಚಾಯಿತು. ಅಲ್ಲಿಂದ ಪ್ರಕೃತಿ, ಇತಿಹಾಸ, ಯಂತ್ರಗಳು ಎಂದು ಒಂದೊಂದೇ ಮಾಲೆ ಕವಲೊಡೆಯಿತು. ತೆರೆದರೆ ಒಂದು ಬದಿಗೆ ಬರಹ, ಎದುರಿಗೆ ಪುಟ ತುಂಬ ಬಣ್ಣದ ಚಿತ್ರ. ಬೆಲೆ ಎರಡೂವರೆ ಷಿಲಿಂಗ್. ಇಪ್ಪತ್ತೈದು ವರ್ಷದ ಆಸುಪಾಸು ಅದು ಏರಲೇ ಇಲ್ಲ.

ಈ ಚೌಕಟ್ಟು ಒಂದು ಕಡೆ ಚಿನ್ನದಂಥ ಫಲ ಕೊಟ್ಟಿತು. ನಾಲ್ಕು ಋತುಗಳಲ್ಲಿ ಹೊಲ, ಹಳ್ಳ, ಬೇಲಿಸಾಲುಗಳಲ್ಲಿ ಏನೇನು ನೋಡಬಹುದೆಂದು ತಿಳಿಸುವ ನಾಲ್ಕು ಪುಸ್ತಕಗಳು 1959ರಿಂದ 1961ರ ನಡುವೆ ಬಂದವು. ಚಿತ್ರ ಬರೆದವನು ಹಕ್ಕಿಗಳ ಚಿತ್ರಕ್ಕೆ ಹೆಸರಾದ ಚಾರ್ಲ್ಸ್ ಟನಿಕ್ಲಿಫ್. ಬದುಕಿಡೀ ಹಕ್ಕಿ ನೋಡಿದವನ ಚಿತ್ರವಾದ್ದರಿಂದ ಅಲ್ಲಿ ಪ್ರಾಣಿ ಒಂಟಿಯಾಗಿ ನಿಂತಿರುವುದಿಲ್ಲ, ಅದರ ಸುತ್ತಲಿನ ಬೆಳೆ, ಹವೆ, ಮಣ್ಣು ಎಲ್ಲವೂ ಸಾಕ್ಷಿ ಹೇಳುತ್ತವೆ. ಎದುರು ಪುಟದ ಬರಹ ಆ ಚಿತ್ರವನ್ನೇ ಓದಿಸುತ್ತದೆ. ಮಾಹಿತಿ ಪುಸ್ತಕದಲ್ಲಿ ಚಿತ್ರ ಅಲಂಕಾರವಾಗದೆ ಆಧಾರವಾಗಬೇಕು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಇನ್ನೊಂದು ಕಡೆ ಅದೇ ಅಳತೆ ಇತಿಹಾಸವನ್ನು ಬಿಗಿಯಿತು. 1956ರಲ್ಲಿ ರಾಜ ಆಲ್ಫ್ರೆಡ್‌ನಿಂದ ಆರಂಭವಾದ ಇತಿಹಾಸ ಮಾಲೆಯ ಮುಖ್ಯ ಲೇಖಕ ಎಲ್. ಡು ಗಾರ್ಡ್ ಪೀಚ್. ಬಿಬಿಸಿಗಾಗಿ ರೇಡಿಯೋ ನಾಟಕ ಬರೆದು ಪಳಗಿದ ಕೈ. ಕಿವಿಗೆ ಹಿತವಾದ ವಾಕ್ಯ, ದೃಶ್ಯದಿಂದ ದೃಶ್ಯಕ್ಕೆ ನೆಗೆತ ಅವನಿಗೆ ನೀರು ಕುಡಿದಷ್ಟು ಸುಲಭ. ಆದರೆ ಎರಡು ಡಜನ್ ಚಿತ್ರಗಳಲ್ಲಿ ಒಬ್ಬನ ಬದುಕು ಮುಗಿಯಬೇಕೆಂದಾಗ ಉಳಿಯುವುದು ಸಾಹಸದ ದೃಶ್ಯಗಳೇ, ಸಂದೇಹಕ್ಕೆ ಎಡೆಯಿಲ್ಲ. ಹಡಗೇರಿ ಹೊರಟ ವೀರರು ನಡುವೆ. ಅವರು ಹೋಗಿ ಇಳಿದ ನೆಲದ ಜನ ಅಂಚಿನಲ್ಲಿ.

ಕಾಲಕ್ಕೆ ತಕ್ಕಂತೆ ತಿದ್ದಿಕೊಳ್ಳುವುದರಲ್ಲಿ ಲೇಡಿಬರ್ಡ್ ಹಿಂದೆ ಬೀಳಲಿಲ್ಲ ಎಂಬುದನ್ನೂ ಹೇಳಬೇಕು. ಕಂಪ್ಯೂಟರ್ ಕೆಲಸ ಮಾಡುವ ಬಗೆಯನ್ನು ವಿವರಿಸುವ ಅವರ ಪುಸ್ತಕ 1971ರಲ್ಲಿ ಬಂತು, 1979ರಲ್ಲಿ ಪರಿಷ್ಕೃತವಾಯಿತು. ಎಂಟೇ ವರ್ಷದಲ್ಲಿ ವಿಷಯವೇ ಬದಲಾಗಿ ಹೋಗಿತ್ತು. ಬರಿಯ ಮರುಮುದ್ರಣಕ್ಕೂ ಪರಿಷ್ಕೃತ ಆವೃತ್ತಿಗೂ ಇರುವ ವ್ಯತ್ಯಾಸವನ್ನು ಕೊಳ್ಳುವವರು ಮುದ್ರಣ ವಿವರದ ಪುಟದಲ್ಲಿ ನೋಡಿ ತಿಳಿಯಬೇಕು.

ಅಮೆರಿಕದಲ್ಲಿ ರ‍್ಯಾಂಡಮ್ ಹೌಸ್‌ನ ಬೆನೆಟ್ ಸರ್ಫ್ 1950ರಲ್ಲಿ ಲ್ಯಾಂಡ್‌ಮಾರ್ಕ್ ಮಾಲೆ ಆರಂಭಿಸಿದ. ಮಕ್ಕಳ ಲೇಖಕರನ್ನಷ್ಟೇ ನೆಚ್ಚದೆ, ದೊಡ್ಡವರಿಗೆ ಬರೆದು ಹೆಸರಾದವರ ಬಳಿಗೂ ಹೋದದ್ದು ಅವನ ಜಾಣ್ಮೆ. ಪರ್ಲ್ ಬಕ್ ಚೀನಾದ ಸನ್ ಯಾತ್-ಸೆನ್ ಬಗ್ಗೆ ಬರೆದಳು. ನಾಜಿ ಆಳ್ವಿಕೆಯ ಬರ್ಲಿನ್ನಿನಿಂದ ವರ್ಷಗಟ್ಟಲೆ ವರದಿ ಕಳಿಸಿದ್ದ ವಿಲಿಯಂ ಶೈರರ್ 1961ರಲ್ಲಿ ಹಿಟ್ಲರ್‌ನ ಏಳುಬೀಳನ್ನು ಹದಿಹರೆಯದವರಿಗಾಗಿ ಬರೆದ. ಕಣ್ಣಾರೆ ಕಂಡವನ ಬರಹಕ್ಕೂ ಗುತ್ತಿಗೆಗೆ ಬರೆದವನ ಬರಹಕ್ಕೂ ಇರುವ ಅಂತರ ಎಳೆಯ ಓದುಗನಿಗೂ ತಿಳಿಯುತ್ತದೆ.

ಶಾಲೆಗಳಿಗೆಂದೇ ತಯಾರಾಗುವ ಮಾಲೆಗಳು ಹೆಚ್ಚಿದಂತೆ ಎರಡು ರೋಗ ಗಟ್ಟಿಯಾದವು. ಮೊದಲನೆಯದು ಪುಟಗಳ ಲೆಕ್ಕ. ಹದಿನಾರು ಪುಟಕ್ಕೊಂದು ಫಾರಂ ಎಂದು ಅಚ್ಚಾಗುವುದರಿಂದ 32 ಪುಟದ ಪುಸ್ತಕ ಅಗ್ಗ. ಆದ್ದರಿಂದ ದೇಶಗಳ ಮಾಲೆಯಲ್ಲಿ ಒಂದು ಪುಟ್ಟ ದ್ವೀಪಕ್ಕೂ ಅಷ್ಟೇ ಪುಟ, ಭಾರತಕ್ಕೂ ಅಷ್ಟೇ ಪುಟ. ಎಲ್ಲಕ್ಕೂ ಧ್ವಜ, ಊಟ, ಹಬ್ಬ, ಉಡುಪು ಎಂಬ ಅದೇ ಅಧ್ಯಾಯಗಳು. ಎರಡನೆಯದು ಇನ್ನೂ ಆಳದ್ದು. ವಾಕ್ಯದ ಉದ್ದ, ಪದದ ಕಷ್ಟ ಎಣಿಸಿ ಓದಿನ ಮಟ್ಟ ಅಳೆಯುವ ಸೂತ್ರಗಳು 1940ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದವು. ಆ ಸೂತ್ರಕ್ಕೆ ಹೊಂದಿಸಲು ಸಂಪಾದಕರು ಉದ್ದದ ವಾಕ್ಯವನ್ನು ತುಂಡರಿಸಿದಾಗ ಮೊದಲು ಉದುರಿದವು 'ಆದ್ದರಿಂದ', 'ಏಕೆಂದರೆ', 'ಹಾಗಿದ್ದರೂ' ಎಂಬ ಪದಗಳು. 'ಮಳೆ ಬರಲಿಲ್ಲ. ಜನ ಊರು ಬಿಟ್ಟರು' ಎಂದು ಎರಡು ವಾಕ್ಯ ಬರೆದರೆ ಓದು ಸುಲಭವಾದಂತೆ ಕಾಣುತ್ತದೆ, ಆದರೆ ಎರಡರ ನಡುವಿನ ಕಾರಣವನ್ನು ಮಗುವೇ ಊಹಿಸಬೇಕು. ಹೀಗೆ ಬರೆದದ್ದು ಅರ್ಥವಾಗಲು ಮತ್ತೂ ಕಷ್ಟ.

ಕನ್ನಡದಲ್ಲಿ ದೊಡ್ಡ ಪ್ರಮಾಣದ ಮಾಲೆಯೆಂದರೆ 1970ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೋತ್ಥಾನ ಹೊರತಂದ ಭಾರತ-ಭಾರತಿ. ಎಲ್.ಎಸ್. ಶೇಷಗಿರಿ ರಾವ್ ಸಂಪಾದಕತ್ವದಲ್ಲಿ 510 ಪುಟ್ಟ ಜೀವನಚರಿತ್ರೆಗಳು. ಅಷ್ಟೊಂದು ಲೇಖಕರನ್ನು ಮಕ್ಕಳಿಗಾಗಿ ಬರೆಯುವಂತೆ ಹಚ್ಚಿದ್ದೇ ಒಂದು ಸಾಧನೆ. ಊರೂರ ಶಾಲೆಗಳ ಬಹುಮಾನದ ಪೊಟ್ಟಣಗಳಲ್ಲಿ ಇವು ಮನೆ ಸೇರಿದವು. ಇಂಥ ಜೀವನಚರಿತ್ರೆ ಮಾಲೆಯನ್ನು ತೂಗುವಾಗ ಒಂದು ವಿಷಯ ಮರೆಯಬಾರದು: ಶಾಸನ, ಪತ್ರ, ದಾಖಲೆಗಳಿರುವವನ ಬದುಕಿಗೂ ಐತಿಹ್ಯವೇ ಆಧಾರವಾದ ಸಂತನ ಬದುಕಿಗೂ ನೆಲ ಬೇರೆ. ಯಾವುದು ದಾಖಲೆ, ಯಾವುದು ಜನ ಹೇಳಿಕೊಂಡು ಬಂದದ್ದು ಎಂದು ಬಿಡಿಸಿ ತೋರಿಸಿದ ಪುಸ್ತಕ, ಗಾತ್ರದಲ್ಲಿ ಎಷ್ಟೇ ಪುಟ್ಟದಿರಲಿ, ಮಗುವನ್ನು ಗೌರವಿಸಿದಂತೆ.

ವಿಮರ್ಶಕರ ಗಮನ ಮಾತ್ರ ಬಹಳ ಕಾಲ ಕಥೆ, ಕಾದಂಬರಿಗಳ ಮೇಲೇ ಇತ್ತು. ಅಮೆರಿಕದ ನ್ಯೂಬೆರಿ ಪದಕ 1922ರಲ್ಲಿ ಮೊದಲು ಸಂದದ್ದು ಹೆಂಡ್ರಿಕ್ ವ್ಯಾನ್ ಲೂನ್‌ನ ಮಾನವಕುಲದ ಇತಿಹಾಸಕ್ಕೇ ಆದರೂ, ಆಮೇಲೆ ಮಾಹಿತಿ ಪುಸ್ತಕಗಳಿಗೆ ಅದು ಅಪರೂಪವಾಯಿತು. ಬಹುಮಾನಗಳೆಲ್ಲ ಎಲ್ಲಿ ಹೋಗುತ್ತವೆ ಎಂದು ಮಾಹಿತಿ ಪುಸ್ತಕಗಳ ಲೇಖಕ ಮಿಲ್ಟನ್ ಮೆಲ್ಟ್‌ಜರ್ 1976ರಲ್ಲಿ ಒಂದು ಲೇಖನದಲ್ಲಿ ನೇರವಾಗಿಯೇ ಕೇಳಿದ. ಅದಕ್ಕೂ ಮೊದಲು, 1972ರಲ್ಲಿ, ಬ್ರಿಟನ್ನಿನ ಮಾರ್ಜರಿ ಫಿಶರ್ 'ಮ್ಯಾಟರ್ಸ್ ಆಫ್ ಫ್ಯಾಕ್ಟ್' ಎಂಬ ಗ್ರಂಥದಲ್ಲಿ ಹೊಸ ಕ್ರಮವೊಂದನ್ನು ಅನುಸರಿಸಿದ್ದಳು. ರೊಟ್ಟಿ, ಜೇನುನೊಣ, ಲಿಂಕನ್ ಎಂದು ಒಂದೊಂದು ವಿಷಯ ಹಿಡಿದು, ಅದರ ಮೇಲೆ ಬಂದ ಬೇರೆ ಬೇರೆ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದುವುದು. ಹಾಗೆ ಇಟ್ಟಾಗ ಒಂದರ ಅವಸರ, ಇನ್ನೊಂದರ ಆಳ ತಾವಾಗಿಯೇ ಬಯಲಾಗುತ್ತವೆ. ಗ್ರಂಥಪಾಲಕರಿಗೂ ಶಿಕ್ಷಕರಿಗೂ ಇದಕ್ಕಿಂತ ಉಪಯುಕ್ತವಾದ ದಾರಿ ಬೇರೊಂದಿಲ್ಲ.

1988ರಲ್ಲಿ ಡಾರ್ಲಿಂಗ್ ಕಿಂಡರ್ಸ್ಲಿ ಸಂಸ್ಥೆಯ ಐವಿಟ್ನೆಸ್ ಮಾಲೆ ಬಂದು ಮಾಹಿತಿ ಪುಸ್ತಕದ ಮುಖವನ್ನೇ ಬದಲಿಸಿತು. ಬಿಳಿ ಹಿನ್ನೆಲೆಯಲ್ಲಿ ಗರಿ, ತಲೆಬುರುಡೆ, ಮೊಟ್ಟೆಗಳ ನಿಚ್ಚಳ ಛಾಯಾಚಿತ್ರ. ಸುತ್ತ ಪುಟ್ಟ ಪುಟ್ಟ ಟಿಪ್ಪಣಿ. ಎಲ್ಲಿಂದ ಬೇಕಾದರೂ ಓದಬಹುದು. ಓದಲು ಹಿಂಜರಿಯುವ ಹುಡುಗನನ್ನೂ ಅದು ಹಿಡಿದು ಕೂರಿಸುತ್ತದೆ. ಆದರೆ ವಿಷಯವೊಂದು ಮೊದಲಿನಿಂದ ಕೊನೆಯವರೆಗೆ ಬೆಳೆಯುವ ವಾದ ಅಲ್ಲಿ ಸಿಗುವುದಿಲ್ಲ. ಹರೆಯದ ಓದುಗರಿಗೆ ಬೇಕಾದದ್ದು ಅದೇ.

ಮೆಲ್ಟ್‌ಜರ್‌ನ ಪ್ರಶ್ನೆಗೆ ಉತ್ತರ ನಿಧಾನವಾಗಿ ಬಂತು. ಶಿಕ್ಷಣತಜ್ಞ ಕೊಮೆನಿಯಸ್ 1658ರಲ್ಲಿ ಹೊರತಂದ ಸಚಿತ್ರ ಪಠ್ಯದ ನೆನಪಿನಲ್ಲಿ, ಮಕ್ಕಳ ಮಾಹಿತಿ ಪುಸ್ತಕಗಳಿಗೆಂದೇ, ಆರ್ಬಿಸ್ ಪಿಕ್ಟಸ್ ಪ್ರಶಸ್ತಿ 1990ರಲ್ಲಿ ಮೊದಲು ಸಂದಿತು. 2001ರಲ್ಲಿ ಸಿಬರ್ಟ್ ಪದಕ, 2010ರಲ್ಲಿ ಹದಿಹರೆಯದವರ ಮಾಹಿತಿ ಪುಸ್ತಕಗಳಿಗೇ ಮೀಸಲಾದ ಇನ್ನೊಂದು. ಮೊದಲ ಸಿಬರ್ಟ್ ಪಡೆದದ್ದು ಇಂಗ್ಲೆಂಡಿನ ಸಾಹಸಿ ನಾವಿಕ ವಾಲ್ಟರ್ ರಾಲಿಯ ಮೇಲಿನ ಮಾರ್ಕ್ ಅರೊನ್‌ಸನ್ ಪುಸ್ತಕ. ಪೀಚ್ ಕೂಡ ಲೇಡಿಬರ್ಡ್‌ಗಾಗಿ ಬರೆದಿದ್ದ ಅದೇ ರಾಲಿ ಇಲ್ಲಿ ಮಹತ್ವಾಕಾಂಕ್ಷೆಗೂ ವಸಾಹತಿನ ದುರಾಸೆಗೂ ಒಟ್ಟಿಗೆ ಉತ್ತರ ಹೇಳಬೇಕಾದ ಮನುಷ್ಯ.

2011ರಲ್ಲಿ ಅದೇ ಸಿಬರ್ಟ್ ಪದಕ ಒಂದು ಮಾಲೆಯ ಪುಸ್ತಕಕ್ಕೆ ಸಿಕ್ಕಿತು. ಹೌಟನ್ ಮಿಫ್ಲಿನ್‌ನ 'ಸೈಂಟಿಸ್ಟ್ಸ್ ಇನ್ ದಿ ಫೀಲ್ಡ್' ಮಾಲೆಯಲ್ಲಿ ಸೈ ಮಾಂಟ್‌ಗಮರಿ ಬರೆದ, ನಿಕ್ ಬಿಷಪ್ ಛಾಯಾಚಿತ್ರ ತೆಗೆದ ಪುಸ್ತಕ ಅದು. ನ್ಯೂಜಿಲೆಂಡಿನ ಹಾರಲಾರದ ಕಾಕಪೊ ಗಿಳಿಗಳನ್ನು ಉಳಿಸುವವರ ಕೆಲಸವನ್ನು ದ್ವೀಪಕ್ಕೇ ಹೋಗಿ ಕಂಡು ಬರೆದದ್ದು. ಈ ಮಾಲೆಯಲ್ಲಿ ಒಪ್ಪಂದ ಒಂದೇ: ವಿಜ್ಞಾನಿ ಕೆಲಸ ಮಾಡುವ ಜಾಗಕ್ಕೆ ಲೇಖಕರು ಹೋಗಬೇಕು. ಅಧ್ಯಾಯಗಳನ್ನು ನಿರ್ಧರಿಸುವುದು ಅಲ್ಲಿ ಕಂಡ ವಿಷಯ, ಮಾಲೆಯ ಅಚ್ಚಲ್ಲ. 2010ರಲ್ಲಿ ಆ ಪುಸ್ತಕ ಹೊರಬಂದಾಗ ನೂರಿಪ್ಪತ್ತರ ಸುತ್ತಮುತ್ತ ಮಾತ್ರ ಇದ್ದ ಕಾಕಪೊಗಳು 2022ರ ಹೊತ್ತಿಗೆ 252 ಆದವು. ಪದಕ ಪಡೆದ ಪುಸ್ತಕವನ್ನು ಇಂದು ಮಗುವಿನ ಕೈಗೆ ಕೊಡುವ ಶಿಕ್ಷಕರೂ ಅದರ ಮುದ್ರಣದ ವರ್ಷವನ್ನು ತೋರಿಸಿ, ಈಗಿನ ಲೆಕ್ಕ ಎಷ್ಟೆಂದು ಹುಡುಕಲು ಹೇಳಬೇಕು.